ನೂರು ಮೀಟರ್ ಉದ್ದದ ಮರಳುಹುಳ ಬದುಕಬಲ್ಲದೇ?

ಓದುಗರ ಪ್ರಶ್ನೆ: ಸರ್, ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಗೋಡೆಪತ್ರಿಕೆಗೆ ವಾರಕ್ಕೊಂದು ಕಂತಿನಂತೆ ಕಥೆ ಬರೆಯುತ್ತಿದ್ದಾರೆ. ಮಳೆ ನಿಂತುಹೋಗಿ ನಮ್ಮ ಸೀಮೆಯೆಲ್ಲ ಮರುಭೂಮಿಯಾಗಿದೆ. ಮರಳಿನಡಿ 100 ಮೀಟರ್ ಉದ್ದ, 8 ಮೀಟರ್ ದಪ್ಪದ ಹುಳ ಓಡಾಡುತ್ತದೆ. ಕುರಿ ಹಿಂಡಿನ ಹೆಜ್ಜೆ ಸದ್ದನ್ನು ಹತ್ತು ಕಿಲೋಮೀಟರ್ ದೂರದಿಂದಲೇ ಹಿಡಿದು, ಬಾಯಿ ತೆರೆದುಕೊಂಡೇ ಮರಳು ಸೀಳುತ್ತಾ ಬಂದು, 30 ಮೀಟರ್ ಎತ್ತರಕ್ಕೆ ಎದ್ದು ನಿಲ್ಲುತ್ತದೆ. ಕೊನೆಗೆ ಅದು ನೀರು ಸೋಕಿ ಸಾಯಬೇಕೆಂದು ಒಬ್ಬ ಹುಡುಗಿ ಹಟ ಹಿಡಿದಿದ್ದಾಳೆ. ಇಷ್ಟರಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೊ ಬಂತು: ದೈತ್ಯ ಹುಳ ಹೊರಬಂದು ಹೋದ ಮೇಲೆ ಮರಳಿನಲ್ಲಿ ರೈಲು ಸುರಂಗದಂಥ ಬಿಲ ಬಾಯಿ ತೆರೆದುಕೊಂಡಿದೆ. ಅದನ್ನು ನೋಡಿದವರು ಬೇಸಿಗೆಯಲ್ಲಿ ಎರೆಹೊಲ ಬಿರಿಯುವುದೂ ಇದರ ಓಡಾಟದಿಂದಲೇ ಎನ್ನತೊಡಗಿದ್ದಾರೆ. ಹೋದ ವಾರ ಶೇಂಗಾ ಹೊಲದಲ್ಲಿ ಸಿಕ್ಕ ಎರಡು ತಲೆ ಹಾವನ್ನು ‘ಅದರ ಮರಿ’ ಎಂದು ಒಬ್ಬರು ಪ್ಲಾಸ್ಟಿಕ್ ಬಿಂದಿಗೆಯಲ್ಲಿ ಹಾಕಿಟ್ಟಿದ್ದಾರೆ. ಬೆಲೆ ಕೇಳಿಕೊಂಡು ಹೊರಗಿನವರೂ ಬಂದಿದ್ದರಂತೆ. ಎಲ್ಲ ಸುಳ್ಳು ಎಂದು ಒಂದೇ ಮಾತಿಗೆ ಹೇಳಿದರೆ ಮಕ್ಕಳ ಕಥೆ ನಿಂತುಹೋಗುತ್ತದೆ. ಸುಮ್ಮನಿದ್ದರೆ ವಿಜ್ಞಾನದ ಮೇಷ್ಟ್ರೇ ಒಪ್ಪಿದರು ಎಂದಾಗುತ್ತದೆ. ಏನು ಹೇಳಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಪ್ರಾಣಿಗಳಿವೆ. ಒಂದನ್ನು ಮಕ್ಕಳು ಹುಟ್ಟಿಸಿದ್ದಾರೆ, ಇನ್ನೊಂದು ಬಿಂದಿಗೆಯಲ್ಲಿದೆ. ಮಕ್ಕಳ ಹುಳಕ್ಕೆ ಅವಸರವಿಲ್ಲ; ಬಿಂದಿಗೆಯ ಹಾವಿಗೆ ಇದೆ. ಹಾಗಾಗಿ ಮೊದಲು ಹಾವು.

ಎರಡು ತಲೆ ಹಾವು ಎಂದು ನಮ್ಮ ಕಡೆ ಕರೆಯುವುದು ಮಣ್ಣುಮುಕ್ಕ ಹಾವುಗಳ ಜಾತಿಗೆ ಸೇರಿದ್ದು. ಅದಕ್ಕೆ ಇರುವುದು ಒಂದೇ ತಲೆ. ಬಾಲ ಮೊಂಡಾಗಿ, ತಲೆಯಷ್ಟೇ ದಪ್ಪವಾಗಿ ಮುಗಿಯುತ್ತದೆ. ಹೆದರಿದಾಗ ಹಾವು ತಲೆಯನ್ನು ಸುರುಳಿಯ ಕೆಳಗೆ ಅಡಗಿಸಿ ಬಾಲವನ್ನು ಮುಂದೊಡ್ಡುತ್ತದೆ. ಏಟು ಬಿದ್ದರೂ ಬಾಲಕ್ಕೆ ಬೀಳಲಿ ಎಂಬ ಉಪಾಯ ಅದು. ಹಾವಾಡಿಸುವವರು ಆ ಬಾಲಕ್ಕೆ ಕಣ್ಣು ಬಾಯಿಯ ಗುರುತು ಸುಟ್ಟು ಜನರ ಕಣ್ಣಿಗೆ ಮಣ್ಣೆರಚುತ್ತಿದ್ದುದೂ ಉಂಟು. ವಿಷವಿಲ್ಲ. ಇಲಿ ಹೆಗ್ಗಣಗಳನ್ನು ಸುತ್ತಿ ಹಿಸುಕಿ ತಿನ್ನುತ್ತದೆ. ಶೇಂಗಾ ಬೆಳೆಯುವವನಿಗೆ ಇದಕ್ಕಿಂತ ಒಳ್ಳೆಯ ಆಳು ಸಿಕ್ಕುವುದು ಕಷ್ಟ. ಮೊಟ್ಟೆ ಇಡದೆ ಮರಿ ಹಾಕುತ್ತದೆ, ಬೆಳೆದರೂ ಸುಮಾರು ಒಂದು ಮೀಟರಿನ ಆಸುಪಾಸು. ಇನ್ನೂರಕ್ಕೂ ಹೆಚ್ಚು ಬೆನ್ನೆಲುಬಿನ ಮಣಿಗಳಿರುವ ಪ್ರಾಣಿ, ಮೂಳೆಯೇ ಇಲ್ಲದ ಹುಳದ ಮರಿಯಾಗಲು ಸಾಧ್ಯವಿಲ್ಲ. ನಿಧಿ ತೋರಿಸುತ್ತದೆ, ಕಾಯಿಲೆ ವಾಸಿಮಾಡುತ್ತದೆ, ತೂಕ ಹೆಚ್ಚಿದ್ದರೆ ಕೋಟಿ ಬೆಲೆ ಎಂಬುದೆಲ್ಲ ಗಾಳಿಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಬೆಲೆ ಕೇಳಲು ಬಂದವರು ಗಾಡಿ ಹತ್ತಿ ಹೋಗುತ್ತಾರೆ. ಜೈಲಿನ ಭಯ ಬಿಂದಿಗೆಯ ಯಜಮಾನನಿಗೇ ಉಳಿಯುತ್ತದೆ. ಅವರಿಗೆ ಇಷ್ಟು ತಿಳಿಸಿ, ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿಸಿ ಒಪ್ಪಿಸಿಬಿಡಿ.

ಒಪ್ಪಿಸುವ ಮುನ್ನ, ಅರಣ್ಯ ಸಿಬ್ಬಂದಿಯ ಎದುರಿನಲ್ಲೇ, ಮಕ್ಕಳು ದೂರ ನಿಂತು ಅದರ ಮೂತಿಯನ್ನು ನೋಡಲಿ. ಮೇಲ್ದವಡೆ ಮುಂದಕ್ಕೆ ಚಾಚಿದೆ, ಕೆಳದವಡೆ ಒಳಗೆ ಸರಿದು ಕುಳಿತಿದೆ. ಪಕ್ಕದಿಂದ ನೋಡಿದರೆ ಮೂತಿ ಉಳಿಯ ತುದಿಯಂತಿದೆ. ಕಣ್ಣು ಸಾಸಿವೆಯಷ್ಟು. ಮೈ ಹುರುಪೆಗಳು ನುಣುಪಾಗಿ ಒಂದರ ಮೇಲೊಂದು ಕೂತಿವೆ. ಇಂಥ ಹಾವುಗಳನ್ನು ಗುರುತಿಸಲು ಕರೆದಾಗಲೆಲ್ಲ ನಾನು ಕಂಡದ್ದು ಒಂದೇ ವರ್ತನೆ: ಕಚ್ಚಲು ಹೋಗುವುದಿಲ್ಲ, ಬೆರಳುಗಳ ಸಂದಿಯಲ್ಲಿ ಮೂತಿ ತೂರಿಸಿ ಕತ್ತಲೆ ಹುಡುಕುತ್ತದೆ. ಮಣ್ಣಿನೊಳಗೆ ಬದುಕುವ ಪ್ರಾಣಿ ಹೇಗಿರಬೇಕು ಎಂಬುದಕ್ಕೆ ನಿಮ್ಮ ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊದಲ ಪಾಠವೆಂದರೆ, ಬಾಯಿ ತೆರೆದುಕೊಂಡು ಮರಳು ಸೀಳುವ ಪ್ರಾಣಿ ಎಲ್ಲೂ ಇಲ್ಲ. ಮರಳಿನ ಕಣ ಬಹುಪಾಲು ಕ್ವಾರ್ಟ್ಜ್, ಗಡಸುತನದ ಅಳತೆಯಲ್ಲಿ 7. ನಮ್ಮ ಹಲ್ಲಿನ ಎನಾಮಲ್ ಸುಮಾರು 5. ದುಂಡನೆಯ ಹಲ್ಲುಸಾಲಿನ ಬಾಯಿ ಚಿತ್ರಕ್ಕೆ ಚೆನ್ನ. ನಾಲ್ಕು ದಿನ ಓಡಾಡಿದರೆ ಹಲ್ಲು ಸವೆದು ಬೊಚ್ಚುಬಾಯಿ.

ಇನ್ನೊಂದು ಸಂಗತಿ ಮಕ್ಕಳಿಗೆ ಇಷ್ಟವಾಗಬಹುದು. ಮಂಗೋಲಿಯಾದ ಗೋಬಿ ಮರುಭೂಮಿಯಲ್ಲೂ ಒಂದು ‘ಸಾವಿನ ಹುಳ’ದ ಕಥೆ ಇದೆ: ಕೆಂಪಗೆ, ದಪ್ಪಗೆ, ಹಸುವಿನ ಕರುಳಿನಂತಿರುವ, ಮುಟ್ಟಿದವರನ್ನು ಕೊಲ್ಲುವ ಹುಳ. 1926ರಲ್ಲಿ ಅಮೆರಿಕದ ಅನ್ವೇಷಕ ರಾಯ್ ಚಾಪ್‌ಮನ್ ಆಂಡ್ರೂಸ್ ಅದರ ಬಗ್ಗೆ ಬರೆದಿದ್ದರು. ಕಣ್ಣಾರೆ ಕಂಡವರು ಅವರಿಗೆ ಒಬ್ಬರೂ ಸಿಕ್ಕಿರಲಿಲ್ಲ. ಹುಳ ಇವತ್ತಿಗೂ ಸಿಕ್ಕಿಲ್ಲ. ಅದರ ವರ್ಣನೆಗೆ ಹತ್ತಿರವಾಗುವಂತೆ ಆ ಕಡೆಯ ಮರಳುಗಾಡಿನಲ್ಲಿ ಇರುವುದು ನಿಮ್ಮ ಬಿಂದಿಗೆಯ ಹಾವಿನ ದಾಯಾದಿಯೇ, ಮಣ್ಣುಮುಕ್ಕದ ಇನ್ನೊಂದು ಪ್ರಭೇದ. ಮರಳು ಕಂಡಲ್ಲೆಲ್ಲ ಜನ ಇದೇ ಹಾವಿಗೆ ಕೋಡು ಹಚ್ಚುತ್ತಾರೋ ಏನೋ.

ಎರೆಹೊಲದ ಬಿರುಕಿಗೆ ಹುಳ ಬೇಡ, ಜೇಡಿಯೇ ಸಾಕು. ಎರೆಮಣ್ಣಿನಲ್ಲಿರುವ ಸ್ಮೆಕ್ಟೈಟ್ ಜಾತಿಯ ಜೇಡಿ ತನ್ನ ಪದರಗಳ ನಡುವೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಕುಗ್ಗಿದಾಗ ಎಲ್ಲಾದರೂ ಹರಿಯಲೇಬೇಕು. ಒಂದು ಮೀಟರಿಗೂ ಮೀರಿ ಆಳಕ್ಕೆ ಹೋಗುವ ಬಿರುಕುಗಳಿವೆ. ವಿಡಿಯೊದ ಸುಳ್ಳನ್ನು ಶಾಲೆಯ ಅಂಗಳದಲ್ಲೇ ಬಯಲು ಮಾಡಬಹುದು. ಒಂದು ಬಾಂಡ್ಲಿ ಹೊಳೆ ಮರಳನ್ನು ಬಿಸಿಲಿಗೆ ಹರವಿ ಪೂರ್ತಿ ಒಣಗಿಸಿ, ಮೇಲಿನಿಂದ ಸುರಿಸಿ, ಗುಡ್ಡೆಯ ಇಳಿಜಾರನ್ನು ಕೋನಮಾಪಕದಲ್ಲಿ ಅಳೆಯಲಿ. 34 ಡಿಗ್ರಿಯ ಆಸುಪಾಸು ಬರುತ್ತದೆ. ಅದಕ್ಕಿಂತ ಕಡಿದಾಗಿ ಒಣ ಮರಳು ನಿಲ್ಲದು, ಜಾರಿ ಬೀಳುತ್ತದೆ. ಬಾಯಿ ತೆರೆದು ನಿಂತ ಸುರಂಗ ಒಣ ಮರಳಿನಲ್ಲಿ ಸಾಧ್ಯವೇ ಇಲ್ಲ. ಮರಳಿನಲ್ಲಿ ಚಲಿಸುವ ನಿಜ ಪ್ರಾಣಿಗಳ ಹಿಂದೆ ಹಾದಿಯೇ ಉಳಿಯುವುದಿಲ್ಲ, ಹೋದಂತೆ ಮುಚ್ಚಿಕೊಳ್ಳುತ್ತದೆ.

ಇನ್ನು ದೈತ್ಯನಿಗೆ ಬರೋಣ. ಕಥೆಯ ಜಾಗದ ಬಗ್ಗೆ ಮೊದಲೇ ಒಂದು ತಕರಾರು. ಮಳೆ ಎಷ್ಟೇ ಕಡಿಮೆಯಾದರೂ ಚಳ್ಳಕೆರೆಯ ನೆಲ ಇಂಥ ಹುಳಕ್ಕೆ ಒಗ್ಗದು. ಒಂದಿಷ್ಟು ಮಣ್ಣು ಕೆದಕಿದರೆ 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ. ಬೋರ್‌ವೆಲ್ ಕೊರೆಸಿದ ಯಾರನ್ನು ಬೇಕಾದರೂ ಕೇಳಿ. ಹತ್ತಾರು ಮೀಟರ್ ಆಳದ ಒಣ, ಸಡಿಲ ಮರಳು ಬೇಕೆಂದರೆ ಥಾರ್ ಮರುಭೂಮಿಯ ದಿಬ್ಬಗಳ ಕಡೆಗೆ ಹೋಗಬೇಕು. ಅಥವಾ ಗಾಳಿ ಸಾವಿರಾರು ವರ್ಷ ಮರಳು ತಂದು ನಮ್ಮ ಸೀಮೆಯ ಮೇಲೆ ಸುರಿಯಿತು ಎಂದು ಮಕ್ಕಳು ಒಂದು ಸಾಲು ಸೇರಿಸಲಿ, ನನ್ನ ಅಡ್ಡಿಯಿಲ್ಲ.

ಇಷ್ಟು ದೊಡ್ಡ ಪ್ರಾಣಿ ತನ್ನ ಭಾರಕ್ಕೇ ಕುಸಿಯುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಉದ್ದ ಹತ್ತು ಪಟ್ಟಾದರೆ ಭಾರ ಸಾವಿರ ಪಟ್ಟು, ಅದನ್ನು ಹೊರುವ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ನೂರೇ ಪಟ್ಟು. ಗೆಲಿಲಿಯೊ 1638ರಲ್ಲೇ ಇದನ್ನು ವಿವರಿಸಿದ್ದ. ಆದರೆ ಮಕ್ಕಳ ಹುಳಕ್ಕೆ ಈ ಆಕ್ಷೇಪ ಅಷ್ಟಾಗಿ ತಟ್ಟುವುದಿಲ್ಲ. ಅದರ ಗಾತ್ರ ಸುಮಾರು 5,000 ಘನ ಮೀಟರ್, ತೂಕ 5,000 ಟನ್. 150 ಟನ್ನಿನ ನೀಲಿ ತಿಮಿಂಗಿಲಗಳು ಮೂವತ್ತಮೂರು. ತಿಮಿಂಗಿಲ ಅಷ್ಟು ದೊಡ್ಡದಾಗಲು ಸಾಧ್ಯವಾದದ್ದು ನೀರು ಹೊತ್ತುಕೊಂಡಿದ್ದರಿಂದ. ಮರಳಿನೊಳಗೆ ಮಲಗಿದ ಹುಳಕ್ಕೂ ಸುತ್ತಲಿಂದ ಆಸರೆ ಇದೆ, ಮರಳು ಅದರ ಮೈಗಿಂತ ಒತ್ತಾದದ್ದು. ಮಲಗಿರುವವರೆಗೆ ಭಾರ ತೊಂದರೆಯಲ್ಲ. ಎದ್ದು ನಿಂತರೆ ಮಾತ್ರ ಕಷ್ಟ: 30 ಮೀಟರ್ ಎತ್ತರಕ್ಕೆ ರಕ್ತ ಏರಿಸಲು ಬೇಕಾದ ಒತ್ತಡ, ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ 120 ಎನ್ನುತ್ತಾರಲ್ಲ, ಆ ಅಳತೆಯಲ್ಲಿ 2,200. ಜಿರಾಫೆಯದ್ದು ನಮ್ಮದರ ಎರಡು ಪಟ್ಟಿನಷ್ಟು ಮಾತ್ರ. ಎದ್ದು ನಿಲ್ಲುವ ದೃಶ್ಯವನ್ನು ಬಿಟ್ಟುಕೊಡಲೇಬೇಕು.

ಊಟದ ವಿಷಯದಲ್ಲೂ ಜನ ತಿಳಿದಷ್ಟು ಕಷ್ಟವಿಲ್ಲ. ಪ್ರಾಣಿ ದೊಡ್ಡದಾದಂತೆ ಕಿಲೋಗ್ರಾಂ ಲೆಕ್ಕದಲ್ಲಿ ಅದರ ಖರ್ಚು ಇಳಿಯುತ್ತದೆ. ಈ ಏರಿಳಿತದ ನಿಯಮವನ್ನು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಗುರುತಿಸಿದರು. ಅದೇ ಸೂತ್ರವನ್ನು ಎಳೆದು ನೋಡಿದರೆ, ಹಾವಿನಂತೆ ಶೀತರಕ್ತದ 5,000 ಟನ್ ಪ್ರಾಣಿ ಸುಮ್ಮನೆ ಮಲಗಿರಲು 36 ಕಿಲೋವಾಟ್ ಶಕ್ತಿ ಸಾಕು. 25 ಕಿಲೋ ತೂಗುವ ಒಂದು ಕುರಿಯಲ್ಲಿ ಸುಮಾರು 20 ಕೋಟಿ ಜೂಲ್ ಶಕ್ತಿ ಇದೆ ಎಂದಿಟ್ಟುಕೊಂಡರೆ, ದಿನಕ್ಕೆ ಹದಿನೈದು ಹದಿನಾರು ಕುರಿ. ಬಕಾಸುರನ ಬಂಡಿ ಅನ್ನ, ಎರಡು ಕೋಣಗಳ ಮುಂದೆ ಇದೇನು ಮಹಾ ಅಲ್ಲ. ಮೈ ಬಿಸಿ ಕಾಯ್ದುಕೊಳ್ಳುವ ಸಸ್ತನಿಯಾಗಿದ್ದರೆ ಇದರ ಹತ್ತು ಪಟ್ಟು ಬೇಕಾಗುತ್ತಿತ್ತು. ಆದ್ದರಿಂದ ಹುಳ ಶೀತರಕ್ತದ್ದೇ ಇರಲಿ. ನೀರಿನ ಚಿಂತೆಯೂ ಇಲ್ಲ. ಮಾಂಸದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಕೊಬ್ಬು ಮೈಯಲ್ಲಿ ಉರಿದಾಗಲೂ ನೀರು ಹುಟ್ಟುತ್ತದೆ.

ಹಾಗಾದರೆ ಹುಳವನ್ನು ಕೊಲ್ಲುವುದು ಯಾವುದು? ಅದರ ಓಟ. ಇದನ್ನು ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಿ, ಹತ್ತನೇ ತರಗತಿಯ ಗಣಿತವೂ ಬೇಡ. ಒಣ ಮರಳು ಘನ ಮೀಟರಿಗೆ ಸುಮಾರು 1,600 ಕಿಲೋ. ಹುಳದ ನಡುಭಾಗ 10 ಮೀಟರ್ ಆಳದಲ್ಲಿದ್ದರೆ ಅದರ ಮೈಮೇಲಿನ ಒತ್ತಡ, ಗುರುತ್ವವನ್ನೂ 10 ಎಂದು ಹಿಡಿದು, 1,600 × 10 × 10, ಅಂದರೆ 1,60,000 ಪಾಸ್ಕಲ್. ಘರ್ಷಣೆ ಅದರ ಹತ್ತರಲ್ಲಿ ನಾಲ್ಕು ಪಾಲು ಎಂದಿಟ್ಟುಕೊಳ್ಳಿ: ಚದರ ಮೀಟರಿಗೆ 64,000 ನ್ಯೂಟನ್. ಮೈಯ ಹೊರಮೈ 3.14 × 8 × 100, ಸುಮಾರು 2,500 ಚದರ ಮೀಟರ್. ಗುಣಿಸಿದರೆ 16 ಕೋಟಿ ನ್ಯೂಟನ್. ಮುಂದಿನ ಮರಳನ್ನು ತಳ್ಳುವ ಶ್ರಮ ಇದರಲ್ಲಿ ಸೇರಿಲ್ಲ, ಮೈ ಉಜ್ಜುವುದಕ್ಕೆ ಮಾತ್ರ ಇಷ್ಟು. ಒಂದು ಕಿಲೋಮೀಟರ್ ಹೋಗಲು 16,000 ಕೋಟಿ ಜೂಲ್ ಕೆಲಸ. ಸ್ನಾಯು ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತದೆ. ಹಾಗಾಗಿ ಖರ್ಚು 64,000 ಕೋಟಿ.

ಕುರಿಯ ಲೆಕ್ಕದಲ್ಲಿ 3,200. ಅಂದರೆ ಒಂದು ಕಿಲೋಮೀಟರ್ ಓಟಕ್ಕೆ ಸುಮಾರು ಏಳು ತಿಂಗಳ ಊಟ. ಚಳ್ಳಕೆರೆಯವರಿಗೆ ಎಣ್ಣೆಯ ಲೆಕ್ಕ ಬೇಕೆಂದರೆ, 15 ಕಿಲೋ ಶೇಂಗಾ ಎಣ್ಣೆಯ ಡಬ್ಬಿಗಳು ಸಾವಿರದ ನೂರಕ್ಕೂ ಹೆಚ್ಚು. ಹತ್ತು ಕಿಲೋಮೀಟರ್ ಓಡಿ ಬಂದು ಇನ್ನೂರು ಕುರಿಗಳ ಒಂದು ಹಿಂಡನ್ನು ನುಂಗಿದರೆ, ಬೆಟ್ಟ ಅಗೆದು ಇಲಿ ಹಿಡಿದ ಗಾದೆಗೆ ಇದಕ್ಕಿಂತ ಹೊಂದುವ ಉದಾಹರಣೆ ಇರಲಾರದು.

ಊಟಕ್ಕಿಂತ ಕೆಟ್ಟದ್ದು ಶಾಖ. ಆ 64,000 ಕೋಟಿಯಲ್ಲಿ 48,000 ಕೋಟಿ ಜೂಲ್ ಸ್ನಾಯುವಿನೊಳಗೇ ಬಿಸಿಯಾಗಿ ಉಳಿಯುತ್ತದೆ. 5,000 ಟನ್ ಮಾಂಸವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,750 ಕೋಟಿ ಜೂಲ್ ಸಾಕು. ಭಾಗಿಸಿ ನೋಡಿ: ಕಿಲೋಮೀಟರಿಗೆ 27 ಡಿಗ್ರಿ. 35 ಡಿಗ್ರಿಯಲ್ಲಿ ಹೊರಟ ಹುಳ ಕಿಲೋಮೀಟರ್ ಮುಗಿಸುವಾಗ 62 ಡಿಗ್ರಿ. ಅದಕ್ಕೂ ಎಷ್ಟೋ ಮುಂಚೆ ಅದರ ಪ್ರೋಟೀನುಗಳು ಕೆಟ್ಟಿರುತ್ತವೆ. ಅರ್ಧ ಕಿಲೋಮೀಟರ್ ದಾಟುವಷ್ಟರಲ್ಲಿ ಹುಳ ಬೆಂದಿರುತ್ತದೆ. ನಿಂತು ತಣ್ಣಗಾಗಲಿ ಎಂದರೆ ಸುತ್ತಲಿನ ಒಣ ಮರಳು ಶಾಖವನ್ನು ಬಲು ನಿಧಾನಕ್ಕೆ ಬಿಡುತ್ತದೆ. 8 ಮೀಟರ್ ದಪ್ಪದ ಮೈ ತಣ್ಣಗಾಗಲು ದಿನಗಳು ಸಾಲವು, ತಿಂಗಳುಗಳು ಬೇಕು. ನಿಧಾನವಾಗಿ ಹೋಗಲಿ ಎಂದು ಯಾರಾದರೂ ಕೇಳುತ್ತಾರೆ. ನೀರಿನಲ್ಲಾದರೆ ವೇಗ ತಗ್ಗಿದಂತೆ ಎಳೆತ ತಗ್ಗುತ್ತದೆ; ಮರಳಿನಲ್ಲಿ ಹಾಗಲ್ಲ, ತೆವಳಿದರೂ ಪ್ರತಿ ಮೀಟರಿಗೆ ಕೊಡಬೇಕಾದ್ದನ್ನು ಕೊಡಲೇಬೇಕು. ಉಸಿರಿನ ಕಥೆಯೂ ಇದೇ. ಮಲಗಿದ್ದಾಗ ಸೆಕೆಂಡಿಗೆ ಸುಮಾರು 2 ಲೀಟರ್ ಆಮ್ಲಜನಕ ಸಾಕು, ಗಂಟೆಗೆ ಒಂದು ಕಿಲೋಮೀಟರ್ ಹೊರಟರೆ ಸೆಕೆಂಡಿಗೆ 9,000 ಲೀಟರ್ ಬೇಕು. ಆಗ ಅದರ ಖರ್ಚು 178 ಮೆಗಾವಾಟ್. ಜೋಗಿಮಟ್ಟಿ ಸುತ್ತಲಿನ ಗಾಳಿಯಂತ್ರಗಳಂಥವು, ಒಂದೊಂದು ಒಂದು ಮೆಗಾವಾಟ್ ಕೊಟ್ಟರೂ, 178 ಬೇಕು. ಎರೆಹುಳುವಿನಂತೆ ಒದ್ದೆ ಚರ್ಮದಲ್ಲಿ ಉಸಿರಾಡುವ ಮಾತಂತೂ ಮರುಭೂಮಿಯಲ್ಲಿ ಬೇಡವೇ ಬೇಡ. ಪ್ರಾಯೋಗಿಕ ತರಗತಿಯ ತಟ್ಟೆಯಲ್ಲಿ ಎರೆಹುಳು ಒಣಗಿದ ಕೂಡಲೇ ಏನಾಗುತ್ತದೆ ಎಂದು ಪ್ರಾಣಿಶಾಸ್ತ್ರ ಓದಿದ ಎಲ್ಲರಿಗೂ ಗೊತ್ತು.

ಮರಳಿನಲ್ಲಿ ಈಜುವ ಪ್ರಾಣಿಗಳೇ ಇಲ್ಲವೇ ಎಂದರೆ, ಇವೆ. ಸಹಾರಾದಲ್ಲಿ ನಮ್ಮ ಹಾವುರಾಣಿಯ ಕುಲದ ಒಂದು ಹಲ್ಲಿ ಇದೆ, ಮರಳುಮೀನು ಎನ್ನುತ್ತಾರೆ. 2009ರಲ್ಲಿ ಅಮೆರಿಕದ ಭೌತವಿಜ್ಞಾನಿಗಳು ಎಕ್ಸ್-ರೇಯಲ್ಲಿ ನೋಡಿದಾಗ, ಅದು ಮರಳಿಗಿಳಿದ ಮೇಲೆ ಕಾಲುಗಳನ್ನು ಮೈಗೆ ಒತ್ತಿಕೊಂಡು ಹಾವಿನಂತೆ ಬಳುಕಿಯೇ ಸಾಗುತ್ತದೆ ಎಂದು ತಿಳಿಯಿತು. ಥಾರ್‌ನಲ್ಲೂ ಹೀಗೆ ಈಜುವ ಒಂದು ಪುಟ್ಟ ಹಲ್ಲಿ ಇದೆ. ನಮೀಬಿಯಾದ ಮರಳುಗಾಡಿನಲ್ಲಿ ಗೋಲ್ಡನ್ ಮೋಲ್ ಎಂಬ, ಅಂಗೈಯಲ್ಲಿ ಮುಚ್ಚಿಡಬಹುದಾದ ಕುರುಡು ಸಸ್ತನಿ ಇದೆ. ಅದು ಮರಳಿನೊಳಗೆ ಸಾಗಲು ಮೇಲೆ ಓಡುವುದರ ಸುಮಾರು 26 ಪಟ್ಟು ಶಕ್ತಿ ಖರ್ಚಾಗುತ್ತದೆ ಎಂದು ಅಳೆದಿದ್ದಾರೆ. ಗಟ್ಟಿ ಮಣ್ಣಿನಲ್ಲಿ ಬಿಲ ಕೊರೆಯುವ ಪ್ರಾಣಿಗಳಿಗೆ ಅದು ನೂರಾರು ಪಟ್ಟು. ಇವೆಲ್ಲ ಗೇಣುದ್ದವೂ ಇಲ್ಲದ ಪ್ರಾಣಿಗಳು. ತಮಾಷೆಯೆಂದರೆ, ಮೇಲಿನ ಸೂತ್ರಕ್ಕೆ ಉದ್ದ, ದಪ್ಪ, ಆಳ ಮೂರನ್ನೂ ಒಂದೇ ಪ್ರಮಾಣದಲ್ಲಿ ಇಳಿಸಿ ಹಾಕಿದರೆ ಉತ್ತರ ಬದಲಾಗುವುದಿಲ್ಲ: ಅದೇ ಕಿಲೋಮೀಟರಿಗೆ 27 ಡಿಗ್ರಿ. ಚಿಕ್ಕ ಪ್ರಾಣಿ ಉಳಿಯುವುದು ಅದು ಕಿಲೋಮೀಟರ್ ಹೋಗುವುದೇ ಇಲ್ಲವಾದ್ದರಿಂದ. ಕೆಲವೇ ಮೀಟರ್ ಸಾಗಿ ಮೇಲೆ ಬರುತ್ತದೆ, ತೆಳ್ಳಗಿನ ಮೈ ನಿಮಿಷಗಳಲ್ಲಿ ತಣ್ಣಗಾಗುತ್ತದೆ. ದೈತ್ಯನಿಂದ ಮಾತ್ರ ನಾವು ಕಿಲೋಮೀಟರುಗಟ್ಟಲೆ ಕೇಳುತ್ತೇವೆ. ನಿಮ್ಮ ತರಗತಿಯಲ್ಲಿ ಲೆಕ್ಕದ ಹುಚ್ಚಿರುವ ಮಗುವಿಗೆ ಇದನ್ನು ಬಿಡಿಸಲು ಕೊಡಿ.

ಹೆಜ್ಜೆ ಸದ್ದಿನ ಪ್ರಶ್ನೆಗೆ ಅರ್ಧ ಹೌದು ಎನ್ನುತ್ತೇನೆ. ಅಮೆರಿಕದ ಮರುಭೂಮಿಯ ಒಂದು ಚೇಳು ಎಂಟು ಕಾಲುಗಳಲ್ಲಿ ಮರಳಿನ ಕಂಪನ ಹಿಡಿದು, ಯಾವ ಕಾಲಿಗೆ ಮೊದಲು ತಟ್ಟಿತು ಎಂಬುದರ ಮೇಲೆ ಬೇಟೆಯ ದಿಕ್ಕು ತಿಳಿಯುತ್ತದೆ; 1970ರ ದಶಕದಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಗೋಲ್ಡನ್ ಮೋಲ್ ಮರಳಿಗೆ ತಲೆ ತೂರಿಸಿ ಆಲಿಸುತ್ತದೆ, ಅದರ ಕಿವಿಯೊಳಗಿನ ಒಂದು ಮೂಳೆ ಮೈಗೆ ಹೋಲಿಸಿದರೆ ವಿಪರೀತ ದಪ್ಪ. ಆದರೆ ಒಣ ಮರಳು ಕಂಪನವನ್ನು ಬೇಗ ನುಂಗಿಹಾಕುತ್ತದೆ. ಚೇಳಿನ ಎಟುಕು ಅರ್ಧ ಮೀಟರಿನಷ್ಟು. ದೊಡ್ಡ ಮೈಗೆ, ಸಾವಿರ ಕಾಲುಗಳ ಹಿಂಡಿನ ಮಂದ್ರ ಕಂಪನಕ್ಕೆ ನೂರಿನ್ನೂರು ಮೀಟರ್ ಕೊಡೋಣ, ಕಥೆಗಾಗಿ ಇನ್ನೂ ಸ್ವಲ್ಪ ಹೆಚ್ಚು. ಹತ್ತು ಕಿಲೋಮೀಟರ್ ಬೇಡ.

ಹಾಗಿದ್ದರೆ ಮಕ್ಕಳು ಏನು ಮಾಡಬಹುದು? ಪ್ರಾಣಿಶಾಸ್ತ್ರದ ದಾರಿಗಳು ಕೆಲವಿವೆ, ಪ್ರತಿಯೊಂದಕ್ಕೂ ಸುಂಕ ಕಟ್ಟಬೇಕು.

ಸುಲಭದ್ದು ಗಾತ್ರ ಇಳಿಸುವುದು. ಗುಜರಾತಿನ ಕಛ್‌ನ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಬೆನ್ನುಮೂಳೆಗಳಿಂದ 2024ರಲ್ಲಿ ಹೆಸರಿಟ್ಟ ವಾಸುಕಿ ಎಂಬ ಹಾವು 11ರಿಂದ 15 ಮೀಟರ್ ಇದ್ದೀತೆಂದು ಅಂದಾಜು; ಬದುಕಿದ್ದು 4.7 ಕೋಟಿ ವರ್ಷಗಳ ಹಿಂದೆ. ನಮ್ಮ ದೇಶದ್ದೇ ಪ್ರಾಣಿ, ಹೆಸರೂ ನಮ್ಮದೇ. 10 ಮೀಟರ್ ಉದ್ದ, 80 ಸೆಂಟಿಮೀಟರ್ ದಪ್ಪದ ಹುಳ ಒಂದು ಮೀಟರ್ ಆಳದಲ್ಲಿದ್ದರೆ ತೂಕ 5 ಟನ್, ಹನ್ನೊಂದು ದಿನಕ್ಕೊಂದು ಕುರಿ ಸಾಕು. ಐವತ್ತು ಮೀಟರಿನ ಒಂದು ನುಗ್ಗಾಟ ಅದಕ್ಕೆ ದಕ್ಕುತ್ತದೆ. ಸುಂಕವೇನೆಂದರೆ, ಊರನ್ನೇ ನುಂಗುವ ದೈತ್ಯ ಹೋಗಿ ಕುರಿಗಾಹಿಯ ಶತ್ರು ಉಳಿಯುತ್ತದೆ. ನನಗೆ ಅದು ನಷ್ಟವೆನಿಸುವುದಿಲ್ಲ, ಮಕ್ಕಳಿಗೆ ಅನಿಸಬಹುದು.

ಎರಡನೆಯದು ಮರಳನ್ನೇ ನೀರಿನಂತೆ ಮಾಡಿಕೊಳ್ಳುವುದು. ಕಡಲ ತೀರದಲ್ಲಿ ಕ್ಷೌರದ ಕತ್ತಿಯಂತಿರುವ ಒಂದು ಜಾತಿಯ ಚಿಪ್ಪುಜೀವಿ ತನ್ನ ಚಿಪ್ಪನ್ನು ತಟ್ಟನೆ ಮುಚ್ಚಿ ಸುತ್ತಲಿನ ಮರಳನ್ನು ಕ್ಷಣಕಾಲ ಕೆಸರಾಗಿಸಿ ಇಳಿದುಹೋಗುತ್ತದೆ. ಅಲ್ಲಿ ನೀರಿದೆ. ಒಣ ಮರಳಿನಲ್ಲಿ ಇದೇ ಕೆಲಸಕ್ಕೆ ಮೈತುಂಬ ರಂಧ್ರಗಳಿಂದ ಗಾಳಿ ಊದಬೇಕು. ಘರ್ಷಣೆ ತಗ್ಗುವುದು ನಿಜ, ಆದರೆ 10 ಮೀಟರ್ ಆಳದ ಒತ್ತಡಕ್ಕೆದುರಾಗಿ ಗಾಳಿ ತಳ್ಳುವ ಶ್ರಮವೇ ಇನ್ನೊಂದು ಓಟಕ್ಕೆ ಸಮ. ಮೇಲೆ ಧೂಳು ಚಿಮ್ಮಿ ದೂರದಿಂದಲೇ ಗುಟ್ಟು ರಟ್ಟಾಗುತ್ತದೆ. ಚಿತ್ರ ಬಿಡಿಸುವವರಿಗೆ ಇದು ಇಷ್ಟವಾದೀತು.

ಮೂರನೆಯದು ನನಗೆ ಬಲು ಪ್ರಿಯ, ಆದರೆ ಮಕ್ಕಳು ಒಪ್ಪುತ್ತಾರೋ ಇಲ್ಲವೋ. ಚಲಿಸುವ ಬದಲು ಬೆಳೆಯುವುದು. ಬೇರು ಮಣ್ಣಿನೊಳಗೆ ಹೋಗುವಾಗ ತುದಿ ಮಾತ್ರ ಮುಂದುವರಿಯುತ್ತದೆ, ಹಿಂದಿನ ಭಾಗ ಇದ್ದಲ್ಲೇ ಇರುತ್ತದೆ. ಉಜ್ಜಾಟವೇ ಇಲ್ಲ. ಅಮೆರಿಕದ ಒರೆಗಾನ್ ಕಾಡಿನಲ್ಲಿ ಹೀಗೆ ಮಣ್ಣಿನಡಿ ಹಬ್ಬಿದ ಒಂದೇ ಒಂದು ಶಿಲೀಂಧ್ರ 9 ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಆವರಿಸಿದೆ. ಭೂಮಿಯ ಮೇಲಿನ ನಿಜವಾದ ದೈತ್ಯ ‘ಬಿಲವಾಸಿ’ ಅದೇ. ಆದರೆ ಹೋದ ಬೇರು ಹಿಂದಕ್ಕೆ ಬಾರದು. ಅಟ್ಟಿಸಿಕೊಂಡು ಬರುವ ಹುಳ ಬೇಕೆಂದವರಿಗೆ ಇದರಿಂದ ಪ್ರಯೋಜನವಿಲ್ಲ.

ನನ್ನನ್ನು ಕೇಳಿದರೆ 100 ಮೀಟರ್ ಉದ್ದ ಹಾಗೇ ಇರಲಿ, ಓಟವನ್ನು ಕಿತ್ತುಹಾಕಿ. ಒಣ ಧೂಳಿನಲ್ಲಿ ಆಲಿಕೆಯಂತೆ ಕುಣಿ ತೋಡಿ, ತಳದಲ್ಲಿ ಅಡಗಿ ಕೂತು, ಜಾರಿಬಿದ್ದ ಇರುವೆಯನ್ನು ಹಿಡಿಯುವ ಹುಳವನ್ನು ನಿಮ್ಮ ಮಕ್ಕಳು ಶಾಲೆಯ ಗೋಡೆಯ ಬುಡದಲ್ಲೇ ನೋಡಿರುತ್ತಾರೆ. ಪಠ್ಯದಲ್ಲಿ ಅದು ಇರುವೆಸಿಂಹ. ಮರಳಿನ ಆ 34 ಡಿಗ್ರಿ ಇಳಿಜಾರನ್ನೇ ಅದು ಬೇಟೆಗೆ ಬಳಸುತ್ತದೆ. ದೈತ್ಯ ಹುಳವೂ ಒಂದೇ ಕಡೆ ವರ್ಷಗಟ್ಟಲೆ ಮಲಗಲಿ. ಹೆಬ್ಬಾವು ಒಂದು ಊಟದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿಯೂ ಉಪವಾಸ ಇರಬಲ್ಲದು, ಇದೂ ಇರಲಿ. ಬೇಟೆಯನ್ನು ತನ್ನ ಬಳಿಗೆ ಹೇಗೆ ಕರೆಯುವುದು? ಅದು ಬಿಡುವ ಉಸಿರಿನಲ್ಲಿ ತೇವವಿದೆ. ಉಸಿರಿನ ರಂಧ್ರಗಳ ಸುತ್ತ ಮರಳು ತುಸು ಹಸಿಯಾಗಿ, ಅಲ್ಲಿ ಹುಲ್ಲು ಚಿಗುರಿ, ನಾಲ್ಕು ಜಾಲಿ ಎದ್ದು ನೆರಳಾದರೆ, ಸುತ್ತಲಿನ ಮರುಭೂಮಿಯ ಪ್ರಾಣಿಗಳೆಲ್ಲ ಅಲ್ಲಿಗೇ ಬರುತ್ತವೆ. ಕುರಿಗಾಹಿ ಬರಗಾಲದಲ್ಲಿ ಹಿಂಡನ್ನು ಇನ್ನೆಲ್ಲಿಗೆ ಹೊಡೆದುಕೊಂಡು ಹೋಗಬೇಕು? ಇದರ ಸುಂಕವೂ ಭಾರಿಯೇ. ಉಸಿರಿನಲ್ಲಿ ನೀರು ಕಳೆದುಕೊಳ್ಳುವ ಪ್ರಾಣಿ ಮರುಭೂಮಿಯಲ್ಲಿ ಸಾಲಗಾರ. ತೀರಾ ಬಡ ಮರುಭೂಮಿಯಾದರೆ ಒಂದೊಂದಕ್ಕೂ ಸುತ್ತ ಕನಿಷ್ಠ ನೂರು ಚದರ ಕಿಲೋಮೀಟರ್ ಸೀಮೆ ಬೇಕು ಎಂಬುದು ನನ್ನ ಸ್ಥೂಲ ಅಂದಾಜು. ಕುಲ ಉಳಿಯಲು ಒಂದಲ್ಲ, ನೂರಾರು ಹುಳ ಬೇಕು. ಅಷ್ಟು ದೂರ ಇರುವ ಗಂಡು ಹೆಣ್ಣು ಕೂಡುವುದು ಹೇಗೆ ಎಂಬುದಕ್ಕೂ ಮಕ್ಕಳು ಉತ್ತರ ಹುಡುಕಬೇಕಾಗುತ್ತದೆ. ಮರಿಗಳು ಚಿಕ್ಕವಿದ್ದಾಗ ಈಜಿ ದೂರ ಹೋಗಲಿ, ದೊಡ್ಡವಾದ ಮೇಲೆ ನೆಲೆ ನಿಲ್ಲಲಿ. ಸಮುದ್ರದ ಎಷ್ಟೋ ಜೀವಿಗಳು ಹಾಗೇ ಮಾಡುತ್ತವೆ.

ಕೊನೆಗೆ ನೀರಿನ ಹಟ ಹಿಡಿದ ಹುಡುಗಿಯ ವಿಷಯ. ಅವಳ ಅಂತ್ಯ ಇರಲಿ, ಕಾರಣ ಮಾತ್ರ ಬದಲಾಗಲಿ. ನೀರು ಯಾವ ಪ್ರಾಣಿಗೂ ವಿಷವಲ್ಲ, ಹುಳದ ಮೈಯಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ. ಆದರೆ ಮರಳಿಗೆ ಸ್ವಲ್ಪ ನೀರು ಸೇರಿದರೂ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ, ಸಡಿಲ ಮರಳಿನಲ್ಲಿ ಬದುಕುವ ಪ್ರಾಣಿಗೆ ಅದು ಗೋಡೆ. ಪೂರ್ತಿ ನೆನೆದರೆ ಇನ್ನೂ ಅಪಾಯ: ಕಣಗಳ ನಡುವಿನ ಗಾಳಿಯ ಜಾಗವನ್ನು ನೀರು ತುಂಬುತ್ತದೆ, ನೀರಿನಲ್ಲಿ ಆಮ್ಲಜನಕ ಹರಡುವುದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮಕ್ಕಳು ವೇದಾವತಿಯ ನೀರನ್ನು ಕಾಲುವೆ ತೋಡಿ ಹುಳ ಮಲಗಿದ ತಗ್ಗಿಗೆ ಹರಿಸಲಿ. ಅದು ಕೂಗುವುದಿಲ್ಲ, ಏಳುವುದಿಲ್ಲ. ರಕ್ತದಲ್ಲಿ ಕೂಡಿಟ್ಟ ಆಮ್ಲಜನಕವನ್ನು ತಿಮಿಂಗಿಲದ ಲೆಕ್ಕದಲ್ಲಿ ಹಿಡಿದರೆ, ಅಲುಗಾಡದೆ ಒಂದೆರಡು ದಿನ ತಡೆದುಕೊಳ್ಳಬಹುದು. ಬಿಡಿಸಿಕೊಳ್ಳಲು ಹೊರಳಾಡಿದರೆ ಅಷ್ಟೂ ನಿಮಿಷಗಳಲ್ಲಿ ಮುಗಿಯುತ್ತದೆ. ಹುಳ ಎರಡರಲ್ಲಿ ಯಾವುದನ್ನು ಮಾಡುತ್ತದೆ ಎಂಬುದನ್ನು ಆ ಹುಡುಗಿಯೇ ತೀರ್ಮಾನಿಸಲಿ.